ಒಂದೂಮುಕ್ಕಾಲು ಗಂಟೆಯ ದೂರ

ಮಗ ಮುಂಬೈಯಲ್ಲಿ, ತಾಯಿ ಬೆಂಗಳೂರಿನಲ್ಲಿ ಇರುವ ಮನೆಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ. "ಏನಾದ್ರೂ ಆದ್ರೆ ಒಂದು ಫೋನ್ ಮಾಡಮ್ಮ, ಒಂದೂಮುಕ್ಕಾಲು ಗಂಟೆ ಅಷ್ಟೆ, ಬಂದುಬಿಡ್ತೀನಿ." ಹೇಳಿದವನಿಗೂ ಕೇಳಿದವಳಿಗೂ ಆ ಮಾತಿನಿಂದ ಸಮಾಧಾನ. ಟಿಕೆಟ್ಟಿನ ಮೇಲೂ ಹಾಗೇ ಅಚ್ಚಾಗಿರುತ್ತದೆ. ಮೊಬೈಲಿನಲ್ಲಿ ಎರಡು ಊರುಗಳ ಹೆಸರು ಹಾಕಿ ಕೇಳಿದರೂ ಅದೇ ಉತ್ತರ. ಅಕ್ಕಪಕ್ಕದವರು "ಮಗ ಅಷ್ಟು ದೂರ ಇದಾನಲ್ಲ" ಎಂದರೆ ತಾಯಿಯೇ ತಿದ್ದುತ್ತಾಳೆ: "ದೂರ ಎಲ್ಲಿ ಬಂತು? ಇಲ್ಲಿಂದ ವೈಟ್‌ಫೀಲ್ಡ್‌ಗೆ ಹೋಗೋ ಹೊತ್ತಿಗೆ ಅವನು ಮುಂಬೈಯಿಂದ ಬಂದಿರ್ತಾನೆ."

ಆ ಮಾತನ್ನು ನಡೆಸಿಕೊಡಬೇಕಾದ ರಾತ್ರಿಯೂ ಒಂದು ದಿನ ಬರುತ್ತದೆ. ಎರಡೂವರೆಗೆ ಫೋನ್. ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದ್ದಾರೆ, ಬೇಗ ಬನ್ನಿ ಎನ್ನುತ್ತಿದ್ದಾರೆ. ಮಗ ಇರುವುದು ಡೊಂಬಿವಲಿಯಲ್ಲಿ, ಆಸ್ಪತ್ರೆ ಇರುವುದು ಕೆಂಗೇರಿಯಲ್ಲಿ ಎಂದುಕೊಳ್ಳೋಣ. ಟಿಕೆಟ್ ಹುಡುಕಿ, ಬ್ಯಾಗಿಗೆ ಎರಡು ಬಟ್ಟೆ ತುರುಕಿಕೊಂಡು ಹೊರಡಲು ಅರ್ಧ ಗಂಟೆ. ಆ ಹೊತ್ತಿನಲ್ಲಿ ರಸ್ತೆ ಖಾಲಿ ಇರುವುದರಿಂದ ವಿಮಾನ ನಿಲ್ದಾಣಕ್ಕೆ ಒಂದೇ ಗಂಟೆ. ಆರು ಗಂಟೆಯ ವಿಮಾನಕ್ಕೆ ಸೀಟು ಸಿಕ್ಕಿತು ಎಂದರೆ ಅಲ್ಲಿ ಎರಡು ಗಂಟೆ ಕಾಯುವುದು. ಏಳೂಮುಕ್ಕಾಲಿಗೆ ದೇವನಹಳ್ಳಿಯಲ್ಲಿ ನೆಲ ಮುಟ್ಟಿ, ಹೊರಗೆ ಬರುವಾಗ ಎಂಟೂಕಾಲು. ಅಲ್ಲಿಂದ ಕೆಂಗೇರಿಗೆ ಸುಮಾರು 50 ಕಿಲೋಮೀಟರ್, ಅದೂ ಇಡೀ ಬೆಂಗಳೂರು ಆಫೀಸಿಗೆ ಹೊರಟಿರುವ ಹೊತ್ತಿನಲ್ಲಿ. ಆಸ್ಪತ್ರೆಯ ಬಾಗಿಲಲ್ಲಿ ಇಳಿಯುವಾಗ ಹತ್ತೂವರೆ. ಆರು ಗಂಟೆಯ ವಿಮಾನದಲ್ಲಿ ಜಾಗ ಇಲ್ಲದಿದ್ದರೆ ಮಧ್ಯಾಹ್ನ.

ಎಲ್ಲವೂ ಸರಿಯಾಗಿ ಕೂಡಿಬಂದರೆ ಎಂಟು ಗಂಟೆ. ಅದರಲ್ಲಿ ಹಾರಾಟದ್ದು ಒಂದೂಮುಕ್ಕಾಲು. ಮಿಕ್ಕ ಆರೂಕಾಲು ಗಂಟೆ ಯಾವ ಟಿಕೆಟ್ಟಿನ ಮೇಲೂ ಇಲ್ಲ, ಯಾವ ಪರದೆಯ ಮೇಲೂ ಇಲ್ಲ, ಮಗ ತಾಯಿಗೆ ಕೊಟ್ಟ ಮಾತಿನಲ್ಲೂ ಇರಲಿಲ್ಲ.

ಒಂದೂಮುಕ್ಕಾಲು ಗಂಟೆ ಎಂಬುದು ಸುಳ್ಳಲ್ಲ. ಆದರೆ ಅದು ವಿಮಾನದ ಲೆಕ್ಕ, ಮನುಷ್ಯರ ಲೆಕ್ಕವಲ್ಲ. ವಿಮಾನವನ್ನು ಹೊಂದಿರುವ ಕಂಪನಿ ತನ್ನ ಯಂತ್ರ ಎಷ್ಟು ಹೊತ್ತು ದುಡಿಯಿತು, ಪೈಲಟ್‌ಗೆ ಎಷ್ಟು ಗಂಟೆಯ ಕೆಲಸವಾಯಿತು, ಮುಂದಿನ ಹಾರಾಟಕ್ಕೆ ಅದನ್ನು ಯಾವಾಗ ಹೊರಡಿಸಬಹುದು ಎಂದು ತಿಳಿಯಲು ಇಟ್ಟುಕೊಂಡ ಅಳತೆ. ಆ ಅಳತೆಯನ್ನು ಪ್ರಯಾಣಿಕರು ತಮ್ಮದೆಂದು ಎತ್ತಿಕೊಂಡು, ಅದರ ಮೇಲೆ ಸಂಸಾರದ ದೊಡ್ಡ ದೊಡ್ಡ ತೀರ್ಮಾನಗಳನ್ನು ಮಾಡುತ್ತಿದ್ದಾರೆ. ಯಾರು ಯಾವ ಊರಿನಲ್ಲಿರಬೇಕು, ವಯಸ್ಸಾದವರು ಒಂಟಿಯಾಗಿರಬಹುದೇ, ಯಾವ ಕೆಲಸ ಒಪ್ಪಿಕೊಳ್ಳಬಹುದು, ತಿಥಿಗೆ ಹೋಗಿ ಅದೇ ದಿನ ವಾಪಸಾಗಬಹುದೇ ಎಂಬುದೆಲ್ಲ ಈಗ ಆ ಒಂದೂಮುಕ್ಕಾಲು ಗಂಟೆಯ ಮೇಲೆ ನಿಂತಿದೆ.

ಆ ಲೆಕ್ಕ ಎಲ್ಲಿಂದ ಹುಟ್ಟುತ್ತದೆ ಎಂದು ಸ್ವಲ್ಪ ನೋಡಬೇಕು. ಮುಂಬೈ ಮತ್ತು ಬೆಂಗಳೂರಿನ ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 835 ಕಿ.ಮೀ. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ ಹಾದು ಬರುವ ಹೆದ್ದಾರಿ 48ರಲ್ಲಿ ಅದು 980ರ ಆಸುಪಾಸು. ಸೊಲ್ಲಾಪುರ, ಕಲಬುರಗಿ, ರಾಯಚೂರು, ಗುಂತಕಲ್ ಸುತ್ತಿಕೊಂಡು ಬರುವ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಸುಮಾರು 1,150. ಎರಡು ಊರುಗಳು, ಮೂರು ದೂರಗಳು. 835 ಕಿ.ಮೀ.ಯನ್ನು ಇಂದಿನ ಜೆಟ್ ವಿಮಾನ ಏರುವುದು, ಇಳಿಯುವುದು ಎಲ್ಲ ಸೇರಿಸಿ ಒಂದೂಕಾಲು ಗಂಟೆಯಿಂದ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತದೆ. ಹಾಗಾದರೆ ಟಿಕೆಟ್ಟಿನಲ್ಲಿ ಒಂದೂಮುಕ್ಕಾಲು ಏಕೆ? ಅಲ್ಲಿ ಬರೆಯುವುದು ಆಕಾಶದಲ್ಲಿರುವ ಸಮಯವನ್ನಲ್ಲ. ವಿಮಾನದ ಚಕ್ರಕ್ಕಿಟ್ಟ ತಡೆ ತೆಗೆದು ಅದನ್ನು ಹಿಂದಕ್ಕೆ ತಳ್ಳುವ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಮತ್ತೆ ತಡೆ ಇಡುವ ಕ್ಷಣದವರೆಗಿನ ಸಮಯ ಅದು. ವಿಮಾನಯಾನದವರು ಅದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ರನ್‌ವೇವರೆಗೆ ತೆವಳುವುದು, ಸಾಲಿನಲ್ಲಿ ನಿಲ್ಲುವುದು, ಮೇಲೆ ಸುತ್ತು ಹೊಡೆಯುವುದು ಎಲ್ಲ ಅದರಲ್ಲಿ ಸೇರಿದೆ.

ಅದರ ಮೇಲೆ ಕಂಪನಿಗಳು ಒಂದಿಷ್ಟು ನಿಮಿಷ ಹೆಚ್ಚಿಗೆಯೇ ಬರೆದುಕೊಳ್ಳುತ್ತವೆ. ಹದಿನೈದು ನಿಮಿಷದವರೆಗಿನ ತಡವನ್ನು ಈ ಉದ್ಯಮದಲ್ಲಿ ತಡ ಎಂದೇ ಎಣಿಸುವುದಿಲ್ಲ. ಅದರ ಜೊತೆಗೆ ಇಪ್ಪತ್ತು ನಿಮಿಷದ ಗಾಳಿಯನ್ನು ವೇಳಾಪಟ್ಟಿಯಲ್ಲೇ ತುಂಬಿಟ್ಟರೆ ಸಮಯಪಾಲನೆಯ ಪಟ್ಟಿಯಲ್ಲಿ ಹೆಸರು ಮೇಲೆ ಬರುತ್ತದೆ. ಅರ್ಧ ಗಂಟೆ ತಡವಾಗಿ ಹೊರಟ ವಿಮಾನ "ಸಮಯಕ್ಕೆ ಸರಿಯಾಗಿ ತಲುಪಿದ್ದೇವೆ" ಎಂದು ಘೋಷಿಸುವುದರ ಗುಟ್ಟು ಇಷ್ಟೇ. ಪೈಲಟ್ ಗಾಳಿಯನ್ನು ಮೀರಿಸಿ ಓಡಿಸಿದ್ದೇನೂ ಅಲ್ಲ.

ಮುಂಬೈಗೆ ಈ ಹೆಚ್ಚುವರಿ ನಿಮಿಷಗಳು ಬೇಕೂ ಬೇಕು. ಅಲ್ಲಿನ ಹಳೆಯ ನಿಲ್ದಾಣದ ಎರಡು ರನ್‌ವೇಗಳು ಕತ್ತರಿಯಂತೆ ಒಂದನ್ನೊಂದು ದಾಟುತ್ತವೆ. ಹಾಗಾಗಿ ಎರಡು ಇದ್ದರೂ ಒಂದೇ ಇದ್ದ ಹಾಗೆ. ಬಹುತೇಕ ದಿನ ಇಳಿಯುವುದು ಪೂರ್ವದಿಂದ, ಘಾಟ್ಕೋಪರ್‌ನ ಮೇಲಿನಿಂದ. ದಕ್ಷಿಣದಿಂದ ಬಂದ ವಿಮಾನ ಊರನ್ನು ಸುತ್ತಿ, ಸಾಲಿನಲ್ಲಿ ತನ್ನ ಸರದಿ ಬರುವವರೆಗೆ ಕಾದು ಇಳಿಯಬೇಕು. ಕಿಟಕಿಯಲ್ಲಿ ಮನೆ ಇರುವ ಬಡಾವಣೆಯೇ ಕಾಣುತ್ತಿರುತ್ತದೆ, ಆದರೆ ಮನೆ ಮುಟ್ಟಲು ಇನ್ನೂ ಮೂರು ಗಂಟೆ. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ಪ್ರಯಾಣಿಕರ ವಿಮಾನದ ವೇಗ ಕಳೆದ ಅರವತ್ತು ವರ್ಷಗಳಲ್ಲಿ ಹೆಚ್ಚಿಲ್ಲ. 1960ರ ದಶಕದ ಬೋಯಿಂಗ್ 707ಗೂ ಇಂದಿನ ಏರ್‌ಬಸ್ 320ಗೂ ಓಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎಂಜಿನ್ ಕಡಿಮೆ ಎಣ್ಣೆ ಕುಡಿಯುತ್ತದೆ, ಸದ್ದು ಕಡಿಮೆಯಾಗಿದೆ, ಟಿಕೆಟ್ ಅಗ್ಗವಾಗಿದೆ. ಊರು ಮಾತ್ರ ಆಕಾಶದಲ್ಲಿ ಅಂದಿಗಿಂತ ಒಂದು ನಿಮಿಷವೂ ಹತ್ತಿರ ಬಂದಿಲ್ಲ.

ನೆಲದ ಮೇಲೆ ದೂರವೇ ಸರಿದಿದೆ. ಅದಕ್ಕೆ ಬೆಂಗಳೂರು ಮತ್ತು ಹೈದರಾಬಾದಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2008ರ ಆರಂಭದವರೆಗೆ ಹೈದರಾಬಾದಿನಲ್ಲಿ ವಿಮಾನ ಹತ್ತುತ್ತಿದ್ದದ್ದು ಬೇಗಂಪೇಟೆಯಲ್ಲಿ, ನಗರದ ಒಡಲಲ್ಲೇ. ಸಿಕಂದರಾಬಾದಿನವರು, ಅಮೀರ್‌ಪೇಟೆಯವರು ಆಟೋದಲ್ಲಿ ಹೋಗಿ ಹತ್ತುತ್ತಿದ್ದರು. ಬೆಂಗಳೂರಿನಲ್ಲಿ ಇಳಿಯುತ್ತಿದ್ದದ್ದು ಎಚ್‌ಎಎಲ್ ನಿಲ್ದಾಣದಲ್ಲಿ. ದೊಮ್ಮಲೂರು, ಇಂದಿರಾನಗರ ಅದಕ್ಕೆ ಅಂಟಿಕೊಂಡೇ ಇವೆ. 2008ರ ಮಾರ್ಚ್‌ನಲ್ಲಿ ಶಂಷಾಬಾದಿನ ಹೊಸ ನಿಲ್ದಾಣ ತೆರೆಯಿತು, ಬೇಗಂಪೇಟೆ ಮುಚ್ಚಿತು. ಅದೇ ವರ್ಷ ಮೇ ತಿಂಗಳಲ್ಲಿ ದೇವನಹಳ್ಳಿ ತೆರೆಯಿತು, ಎಚ್‌ಎಎಲ್ ಮುಚ್ಚಿತು. ಎರಡು ತಿಂಗಳೊಳಗೆ ಒಂದೇ ದಾರಿಯ ಎರಡೂ ತುದಿಗಳು ಊರಿನಿಂದ ಹೊರಕ್ಕೆ ಜರುಗಿದವು. ಆಕಾಶದಲ್ಲಿ ಲೆಕ್ಕ ಹಾಕಿದರೆ ನಿಲ್ದಾಣದಿಂದ ನಿಲ್ದಾಣಕ್ಕೆ ಈಗ ಸುಮಾರು 455 ಕಿ.ಮೀ. ಶಂಷಾಬಾದ್ ಊರಿನ ದಕ್ಷಿಣಕ್ಕೂ ದೇವನಹಳ್ಳಿ ಊರಿನ ಉತ್ತರಕ್ಕೂ ಇರುವುದರಿಂದ ವಿಮಾನಗಳು ಹಾರುವ ದೂರ ಮೊದಲಿಗಿಂತ ಕಡಿಮೆಯೇ ಆಯಿತು! ಕಾಗದದ ಮೇಲೆ ಎರಡು ನಗರಗಳು ಹತ್ತಿರವಾದವು. ಜಯನಗರದಿಂದ ಸಿಕಂದರಾಬಾದಿಗೆ ಹೊರಟವನಿಗೆ ಒಂದೊಂದು ತುದಿಯಲ್ಲೂ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಹೆಚ್ಚಾಯಿತು.

ಹೊಸ ನಿಲ್ದಾಣಗಳು ಬೇಕಿರಲಿಲ್ಲ ಎಂದು ವಾದಿಸುವುದು ಹಟವಾದೀತು. ಎಚ್‌ಎಎಲ್‌ನ ಇಕ್ಕಟ್ಟಾದ ಕಟ್ಟಡದಲ್ಲಿ ಲಗೇಜಿಗಾಗಿ ಕಾದು ನಿಂತವರಿಗೆ ಅದು ಗೊತ್ತು. ಆಕ್ಷೇಪ ಬೇರೆಯದು. ನಿಲ್ದಾಣವನ್ನು ಹೊರಗೆ ಒಯ್ಯುವವರು ಅದಕ್ಕೆ ರೈಲಿನ ದಾರಿಯನ್ನು ಮೊದಲೇ ಹಾಕಬೇಕಿತ್ತು. ಬೇಗಂಪೇಟೆ ಮುಚ್ಚಿ ಒಂದೂವರೆ ವರ್ಷದ ಮೇಲೆ, 2009ರ ಅಕ್ಟೋಬರ್‌ನಲ್ಲಿ, ಮೆಹದಿಪಟ್ಟಣದಿಂದ ಶಂಷಾಬಾದಿನ ದಿಕ್ಕಿಗೆ 11 ಕಿ.ಮೀ.ಗೂ ಉದ್ದದ ಮೇಲ್ಸೇತುವೆ ಬಂತು. ಕಾರಿದ್ದವರಿಗೆ ಅನುಕೂಲವಾಯಿತು. ಬೆಂಗಳೂರಿನ ಮೆಟ್ರೋ ಹಳಿಯ ಕಂಬಗಳು ಬಳ್ಳಾರಿ ರಸ್ತೆಯಲ್ಲಿ ಎದ್ದದ್ದು ನಿಲ್ದಾಣ ತೆರೆದು ಹದಿನೈದು ವರ್ಷ ಕಳೆಯುವ ಹೊತ್ತಿಗೆ. ದೆಹಲಿಯಲ್ಲಿ 2011ರಲ್ಲೇ ವಿಮಾನ ನಿಲ್ದಾಣದ ಮೆಟ್ರೋ ಓಡಿತು. ನವದೆಹಲಿ ರೈಲು ನಿಲ್ದಾಣದಿಂದ ಟರ್ಮಿನಲ್ ಮೂರಕ್ಕೆ ಇಪ್ಪತ್ತು ನಿಮಿಷದ ಆಸುಪಾಸು. ಚೆನ್ನೈನಲ್ಲಿ 2016ರಿಂದ ಮೆಟ್ರೋ ನಿಲ್ದಾಣದ ಬಾಗಿಲಿಗೇ ಬರುತ್ತದೆ. ವಿಮಾನಯಾನ ಕಂಪನಿಗಳು ಯಾವ ಹೊಸ ಯಂತ್ರ ತಂದರೂ ಇಷ್ಟು ನಿಮಿಷ ಉಳಿಸಿಕೊಡಲಾರವು. ಬೆಂಗಳೂರಿನಿಂದ ದೆಹಲಿಗೆ ಬೇಗ ತಲುಪಬೇಕೆಂದರೆ ಹೆಬ್ಬಾಳದಲ್ಲಿ ಏನಾಗುತ್ತದೆ ಎಂಬುದೇ ಮುಖ್ಯ.

ದೆಹಲಿಯ ಮಾತು ಬಂದದ್ದರಿಂದ ಇನ್ನೊಂದು ವಿಚಿತ್ರ. ಭೂಪಟದಲ್ಲಿ ದೆಹಲಿ ಮತ್ತು ಬೆಂಗಳೂರಿನ ನಿಲ್ದಾಣಗಳು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, 77 ಡಿಗ್ರಿಯ ಆಚೀಚೆ. ನೇರ ಉತ್ತರಕ್ಕೆ 1,710 ಕಿ.ಮೀ. ಅಂದರೆ ಮುಂಬೈ ದೂರದ ಎರಡು ಪಟ್ಟು. ಟಿಕೆಟ್ಟಿನಲ್ಲಿ ಎರಡೂಮುಕ್ಕಾಲು ಗಂಟೆಯ ಹತ್ತಿರ. ಆದರೆ ಮನೆಯಿಂದ ಮನೆಗೆ ಎಣಿಸಿದರೆ ಡೊಂಬಿವಲಿಯ ಮಗನಿಗಿಂತ ದ್ವಾರಕಾದ ಮಗಳಿಗೆ ತಗಲುವುದು ಒಂದು ಗಂಟೆ ಹೆಚ್ಚು, ಅಷ್ಟೇ. ಅವಳ ಮನೆ ನಿಲ್ದಾಣಕ್ಕೆ ಹತ್ತಿರವಿದ್ದರೆ ಅದೂ ಇಲ್ಲ. ಏಕೆಂದರೆ ನಿಲ್ದಾಣಕ್ಕೆ ಹೋಗುವುದು, ಕಾಯುವುದು, ಹೊರಬರುವುದು ಎಂಬ ಐದಾರು ಗಂಟೆ ಎಲ್ಲ ಊರಿಗೂ ಒಂದೇ. ಊರು ಹತ್ತಿರವಾದಷ್ಟೂ ಈ ಗಂಟೆಗಳ ಪಾಲು ಹೆಚ್ಚಾಗುತ್ತದೆ, ಟಿಕೆಟ್ಟಿನ ಲೆಕ್ಕ ಹೆಚ್ಚು ಮೋಸ ಮಾಡುತ್ತದೆ. ಚೆನ್ನೈಗೆ ಬಂದರೆ ಅದು ನಗೆಪಾಟಲೇ ಆಗುತ್ತದೆ. ಆಕಾಶದಲ್ಲಿ 270 ಕಿ.ಮೀ.ಯೂ ಇಲ್ಲ, ಟಿಕೆಟ್ಟಿನಲ್ಲಿ ಒಂದು ಗಂಟೆ, ಮನೆಯಿಂದ ಮನೆಗೆ ಐದೂವರೆ. 2022ರ ನವೆಂಬರ್‌ನಲ್ಲಿ ಶುರುವಾದ ಮೈಸೂರು–ಚೆನ್ನೈ ವಂದೇ ಭಾರತ್ ಮೆಜೆಸ್ಟಿಕ್‌ನಿಂದ ಚೆನ್ನೈ ಸೆಂಟ್ರಲ್‌ಗೆ ನಾಲ್ಕೂವರೆ ಗಂಟೆಯೊಳಗೆ ತಲುಪಿಸುತ್ತದೆ, ಅದೂ ಎರಡೂ ಕಡೆ ಊರಿನ ನಡುವೆಯೇ. ಮೊಬೈಲಿನಲ್ಲಿ ಮಾತ್ರ ಈಗಲೂ ವಿಮಾನವೇ "ಬೇಗದ" ದಾರಿ.

ಕನ್ನಡದಲ್ಲಿ "ಎಷ್ಟು ದೂರ?" ಎಂದರೆ ಸಮಯದಲ್ಲಿ ಉತ್ತರ ಹೇಳುವುದು ಹಳೆಯ ರೂಢಿ. ಧಾರವಾಡದ ಕಡೆ ಯಾರನ್ನಾದರೂ ಕೇಳಿದರೆ "ಎರಡು ತಾಸು" ಎನ್ನುತ್ತಾರೆ, ಮೈಲಿ ಹೇಳುವುದಿಲ್ಲ. ಅದರಲ್ಲಿ ತಪ್ಪಿಲ್ಲ, ಅದೇ ಸರಿ. ಈ ಭಾಷೆಯ ಹಳೆಯ ಅಳತೆಗಳೆಲ್ಲ ಮೈಗೆ ಅಂಟಿಕೊಂಡವು. ಕೂಗಿದರೆ ಕೇಳಿಸುವಷ್ಟು ದೂರ ಕೂಗಳತೆ. ಕಣ್ಣಿಗೆ ನಿಲುಕುವಷ್ಟು ಕಣ್ಣಳತೆ. ಎರಡು ಕೈ ಚಾಚಿದರೆ ಒಂದು ಮಾರು. ಹರದಾರಿ ಎಂದರೆ ಮೂರು ಮೈಲಿ, ಒಂದು ಗಂಟೆಯಲ್ಲಿ ನಡೆಯಬಹುದಾದಷ್ಟು ದೂರ. ಗಾವುದ ಅದಕ್ಕಿಂತ ದೊಡ್ಡದು, ನಿಘಂಟಿಗೊಂದು ಲೆಕ್ಕ ಹೇಳುತ್ತಾರೆ. ಇವುಗಳಲ್ಲಿ ಕೂಗುವವರು, ನೋಡುವವರು, ನಡೆಯುವವರು ಒಬ್ಬರು ಇದ್ದೇ ಇರುತ್ತಾರೆ. ಹರದಾರಿ ಎಂದಾಗ ನಡೆಯುವವನ ಕಾಲಿನ ಲೆಕ್ಕ ಇತ್ತು, ಬಸ್ಸಿನಲ್ಲಿ "ಎರಡು ತಾಸು" ಎಂದಾಗಲೂ ಕೂತವನ ಲೆಕ್ಕವೇ. ಬಸ್ಸು ಊರಿನ ನಡುವಿನಿಂದ ಹೊರಟು ಊರಿನ ನಡುವೆ ನಿಲ್ಲುತ್ತಿತ್ತು. "ಒಂದೂಮುಕ್ಕಾಲು ಗಂಟೆ" ಎಂಬುದೂ ಅದೇ ವ್ಯಾಕರಣದಲ್ಲಿ ಬಂದು ಕೂತುಬಿಟ್ಟಿದೆ. ವಾಕ್ಯ ಅದೇ, ಆದರೆ ಅದರೊಳಗಿನ ಮನುಷ್ಯ ಕಾಣೆಯಾಗಿದ್ದಾನೆ. ಹಾಗಾಗಿಯೇ ಅದು ನಂಬಿಕೆಗೆ ಇಷ್ಟು ಸುಲಭವಾಗಿ ದಕ್ಕುತ್ತದೆ.

ಸರ್ಕಾರಕ್ಕೂ ಈ ಗೊಂದಲ ಇದೆ. ಲಾಕ್‌ಡೌನ್‌ನ ಮೇಲೆ 2020ರ ಮೇ 25ರಂದು ದೇಶದೊಳಗಿನ ವಿಮಾನಗಳನ್ನು ಮತ್ತೆ ಬಿಟ್ಟಾಗ ಟಿಕೆಟ್ ದರಕ್ಕೆ ಕನಿಷ್ಠ, ಗರಿಷ್ಠ ಮಿತಿ ಹಾಕಿದರು. ದೇಶದ ಎಲ್ಲ ದಾರಿಗಳನ್ನು ಹಾರಾಟದ ನಿಮಿಷಗಳ ಮೇಲೆ ಏಳು ಗುಂಪು ಮಾಡಿದ್ದರು. 40 ನಿಮಿಷದೊಳಗಿನದು ಮೊದಲನೆಯದು, 180ರಿಂದ 210 ನಿಮಿಷದ್ದು ಕೊನೆಯದು. 2022ರ ಆಗಸ್ಟ್ 31ರವರೆಗೆ ಅದು ನಡೆಯಿತು. 2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ಕೆಲಸದ ಅವಧಿಯ ಹೊಸ ನಿಯಮಕ್ಕೆ ಸಜ್ಜಾಗದೆ ಸಾವಿರಾರು ಹಾರಾಟಗಳು ರದ್ದಾಗಿ, ಉಳಿದ ಟಿಕೆಟ್‌ಗಳ ದರ ಮುಗಿಲಿಗೆ ಹೋದಾಗ ಅದೇ ಸಚಿವಾಲಯ ಮತ್ತೆ ಮಿತಿ ಹಾಕಿತು. ಈ ಸಲ ಕಿಲೋಮೀಟರ್ ಲೆಕ್ಕ. 500 ಕಿ.ಮೀ.ವರೆಗೆ 7,500 ರೂಪಾಯಿ, 1,000ದವರೆಗೆ 12,000, 1,500ರವರೆಗೆ 15,000, ಅದಕ್ಕೂ ಮೇಲೆ 18,000, ತೆರಿಗೆ ಮತ್ತು ನಿಲ್ದಾಣದ ಶುಲ್ಕ ಬೇರೆ. ಒಂದು ಸಲ ನಿಮಿಷ, ಇನ್ನೊಂದು ಸಲ ಕಿಲೋಮೀಟರ್. ನಿಜದಲ್ಲಿ ಎರಡೂ ಸಲ ಅಳೆದದ್ದು ರೂಪಾಯಿಯನ್ನು. ಆ ವಾರ ಬೆಂಗಳೂರಿಗೆ ಹೋಗಲೇಬೇಕಿದ್ದ ಮುಂಬೈಯವರಿಗೆ ಊರಿನ ದೂರ 12,000 ರೂಪಾಯಿ, ದೆಹಲಿಯವರಿಗೆ 18,000. ಅಷ್ಟು ಇಲ್ಲದವರಿಗೆ ಉದ್ಯಾನ್ ಎಕ್ಸ್‌ಪ್ರೆಸ್‌ನ ಸಾಮಾನ್ಯ ಬೋಗಿ, 24 ಗಂಟೆ.

ವಿಮಾನದ ಪರವಾಗಿ ಹೇಳಬೇಕಾದದ್ದೂ ಇಲ್ಲಿಯೇ ಇದೆ. ಅದು ಕೊಡುವ ದೊಡ್ಡ ಉಪಕಾರ ವೇಗವಲ್ಲ, ಕೊನೆಯ ಗಳಿಗೆಯಲ್ಲಿ ಸಿಗುವ ಸೀಟು. ರೈಲಿನಲ್ಲಿ ತತ್ಕಾಲ್ ಟಿಕೆಟ್ಟಿಗೂ ಹಿಂದಿನ ದಿನ ಬೆಳಿಗ್ಗೆ ಕಾದು ಕೂರಬೇಕು. ಸಾವು ಹಾಗೆ ಹಿಂದಿನ ದಿನ ತಿಳಿಸಿ ಬರುವುದಿಲ್ಲ. ತಂತಿ ಬಂದು, ರೈಲು ಹತ್ತಿ, ಊರು ಸೇರುವ ಹೊತ್ತಿಗೆ ಮೂರನೆಯ ದಿನದ ಕಾರ್ಯ ನಡೆಯುತ್ತಿದ್ದ ಕಥೆಗಳು ಮಾಟುಂಗಾ, ವಡಾಲಾದ ಹಳೆಯ ಕನ್ನಡ ಮನೆಗಳಲ್ಲಿ ಇನ್ನೂ ಇವೆ. ಕರಾವಳಿಯಿಂದ ಹೋದವರ ಮನೆಗಳಲ್ಲಂತೂ ಹೆಚ್ಚು. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಆಗುವವರೆಗೆ ಮುಂಬೈಯಿಂದ ಮಂಗಳೂರಿಗೆ ಕರಾವಳಿಗುಂಟ ರೈಲೇ ಇರಲಿಲ್ಲ. ಇಂದು ಎಂಟು ಗಂಟೆಯಲ್ಲಾದರೂ ಮುಖ ನೋಡಲು ಸಿಗುತ್ತದೆ. ಇದನ್ನು ಯಾರೂ ಹಗುರವಾಗಿ ನೋಡಬಾರದು. ಆದರೆ ಎಂಟು ಗಂಟೆಯನ್ನು ಎಂಟು ಗಂಟೆ ಎಂದೇ ಹೇಳಬಹುದಲ್ಲ? ಅದನ್ನು ಒಂದೂಮುಕ್ಕಾಲು ಎಂದು ಹೇಳಿದಾಗ ತಾಯಿ ಒಂದು ರೀತಿಯಲ್ಲಿ ಧೈರ್ಯವಾಗಿರುತ್ತಾಳೆ, ಆ ಧೈರ್ಯ ಬೇಕಾದ ರಾತ್ರಿ ಅದು ಕೈಕೊಡುತ್ತದೆ. ಮಗನ ಮೇಲೂ ಅದು ಸಾಲವಾಗಿ ಕೂರುತ್ತದೆ. ಬರಲಾಗದ ಹಬ್ಬಕ್ಕೆ "ಒಂದೂಮುಕ್ಕಾಲು ಗಂಟೆ ತಾನೇ, ಬರೋಕೇನು?" ಎಂದು ಅಣ್ಣತಮ್ಮಂದಿರು ಕೇಳುತ್ತಾರೆ. ಅವರ ಪ್ರಶ್ನೆಯೂ ನ್ಯಾಯವೇ, ಲೆಕ್ಕ ಕೊಟ್ಟದ್ದು ಅವನೇ.

ಇಷ್ಟು ಹೊತ್ತು ಊರು ಎಂದರೆ ಬೆಂಗಳೂರು ಎಂದೇ ಮಾತು ನಡೆಯಿತು. ಹೊರನಾಡಿನ ಕನ್ನಡಿಗರ ಎಣಿಕೆಯಲ್ಲಿ ನಡೆಯುವ ಇನ್ನೊಂದು ಮೋಸ ಇದು. ಪುಣೆಯಲ್ಲಿ, ಮುಂಬೈಯಲ್ಲಿ, ಹೈದರಾಬಾದಿನಲ್ಲಿ ಕಟ್ಟಡ ಕೆಲಸಕ್ಕೆ, ಹೋಟೆಲಿಗೆ, ಆಫೀಸಿಗೆ ಹೋದವರ ಊರು ವಿಜಯಪುರವೋ ಕಲಬುರಗಿಯೋ ಬೀದರೋ ಕುಂದಾಪುರವೋ ಆಗಿರುತ್ತದೆ. ಬೀದರಿನಿಂದ ಹೈದರಾಬಾದ್ ಸುಮಾರು 145 ಕಿ.ಮೀ., ಬೆಂಗಳೂರು ಅದರ ನಾಲ್ಕು ಪಟ್ಟಿಗೂ ಹೆಚ್ಚು. ಹೈದರಾಬಾದಿನಲ್ಲಿರುವ ಬೀದರಿನವನಿಗೆ ಬಸ್ಸಿನಲ್ಲಿ ಕೂತರೆ ಮೂರು ನಾಲ್ಕು ತಾಸಿಗೆ ಮನೆ. ಅವನಿಗೆ "ಕರ್ನಾಟಕಕ್ಕೆ ಒಂದೂಕಾಲು ಗಂಟೆ" ಎಂಬ ವಿಮಾನದ ಲೆಕ್ಕ ಹೇಳಿದರೆ ಯಾವ ಕರ್ನಾಟಕ ಎಂದು ಕೇಳಿಯಾನು.

ಹಾರಾಟದ ಆರಂಭದ ದಿನಗಳಲ್ಲಿ ಹೀಗಿರಲಿಲ್ಲ. ಭಾರತದ ಮೊದಲ ನಿಯಮಿತ ಅಂಚೆ ವಿಮಾನ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಹೊರಟಾಗ ಜೆ.ಆರ್.ಡಿ. ಟಾಟಾ ಅದನ್ನು ಅಹಮದಾಬಾದಿನ ಮೇಲಿಂದ ಮುಂಬೈಗೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಮದ್ರಾಸಿಗೆ ಒಯ್ದರು. ನಡುವೆ ಇಳಿದದ್ದು ಬಳ್ಳಾರಿಯಲ್ಲಿ! ಆ ಪುಟ್ಟ ಒಂಟಿ ಎಂಜಿನ್ನಿನ ವಿಮಾನಕ್ಕೆ ಮುಂಬೈಯಿಂದ ಮದ್ರಾಸಿಗೆ ಒಂದೇ ಉಸಿರಿನಲ್ಲಿ ಹಾರುವ ತ್ರಾಣ ಇರಲಿಲ್ಲ. ದಣಿವಾಗುತ್ತಿದ್ದ ವಿಮಾನಕ್ಕೆ ಬಳ್ಳಾರಿ ಬೇಕಿತ್ತು. ತ್ರಾಣ ಬಂದ ಮೇಲೆ ದೊಡ್ಡ ಊರುಗಳು ಒಂದಕ್ಕೊಂದು ಹತ್ತಿರವಾದವು, ನಡುವಿನ ಊರುಗಳು ಮೋಡದ ಕೆಳಗೆ ಉಳಿದವು.

2017ರಲ್ಲಿ ಉಡಾನ್ ಯೋಜನೆ ಈ ಊರುಗಳನ್ನು ಮತ್ತೆ ಭೂಪಟಕ್ಕೆ ತರುವ ಮಾತಾಡಿತು. ಅದರ ಅಳತೆಗೋಲು ಮತ್ತೆ ಅದೇ, ಒಂದು ಗಂಟೆಯ ಹಾರಾಟಕ್ಕೆ ಅಂದಾಜು 2,500 ರೂಪಾಯಿ. ಹುಬ್ಬಳ್ಳಿ, ಬೆಳಗಾವಿಗೆ ಇದರಿಂದ ನಿಜವಾದ ಲಾಭವಾಯಿತು. ಕಲಬುರಗಿಗೆ 2019ರ ನವೆಂಬರ್‌ನಲ್ಲಿ ನಿಲ್ದಾಣ ಬಂತು, ಬೀದರಿಗೆ 2020ರ ಫೆಬ್ರುವರಿಯಲ್ಲಿ ವಿಮಾನ ಬಂತು, ನಡುನಡುವೆ ನಿಂತಿತು, ಮತ್ತೆ ಬಂತು. ಇಡೀ ದೇಶದ ಲೆಕ್ಕವನ್ನು ಸಿಎಜಿ 2023ರ ವರದಿಯಲ್ಲಿ ಕೊಟ್ಟಿದೆ. ಪರಿಶೀಲಿಸಿದ 774 ದಾರಿಗಳಲ್ಲಿ ವಿಮಾನ ಹಾರಾಟ ಶುರುವಾದದ್ದೇ 371ರಲ್ಲಿ. ಮೂರು ವರ್ಷದ ಸಹಾಯಧನದ ಅವಧಿ ಪೂರೈಸಿದವು 112. ಅವಧಿ ಮುಗಿದ ಮೇಲೂ, 2023ರ ಮಾರ್ಚ್‌ವರೆಗೆ, ನಡೆಯುತ್ತಿದ್ದವು 54. ಮಿಕ್ಕ ಊರುಗಳ ಮಟ್ಟಿಗೆ "ಒಂದು ಗಂಟೆ" ಎಂಬುದು ಉದ್ಘಾಟನೆಯ ದಿನದ ಭಾಷಣದಲ್ಲಿ ಉಳಿದುಹೋಯಿತು. ವಾರಕ್ಕೆ ಮೂರು ದಿನ ಮಾತ್ರ ವಿಮಾನವಿರುವ ಊರಿನ ದೂರ ಒಂದು ಗಂಟೆಯಲ್ಲ. ಮಂಗಳವಾರ ಫೋನ್ ಬಂದು ಮುಂದಿನ ವಿಮಾನ ಗುರುವಾರವಿದ್ದರೆ ಆ ಊರು ಎರಡು ದಿನದ ದೂರದಲ್ಲಿದೆ. ಟಿಕೆಟ್ ಮಾರುವವರು ಇದನ್ನು ಹೇಳಬೇಕಾಗಿಲ್ಲ, ಆದರೆ ಯೋಜನೆ ಮಾಡುವವರು ಹೇಳಬೇಕು.

ಕರ್ನಾಟಕದವರಿಗೆ ದೂರದ ಇನ್ನೊಂದು ಅಳತೆ ಚೆನ್ನಾಗಿ ಗೊತ್ತಿತ್ತು: "ರಾತ್ರಿ ಹತ್ತಿದರೆ ಬೆಳಿಗ್ಗೆ ಊರು." ಈ ದೂರದಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ, ಹೇಗೂ ಮಲಗಬೇಕಾದ ರಾತ್ರಿ ಅದು. ಪುಣೆಯಿಂದ ವಿಜಯಪುರ, ಬೆಂಗಳೂರಿನಿಂದ ಹುಬ್ಬಳ್ಳಿ, ಹೈದರಾಬಾದಿನಿಂದ ಬೆಂಗಳೂರು ಎಲ್ಲ ಈ ಅಳತೆಯೊಳಗೆ ಬರುತ್ತವೆ. ಮುಂಬೈ–ಬೆಂಗಳೂರು ಮಾತ್ರ ಬರುವುದಿಲ್ಲ. 1,150 ಕಿ.ಮೀ.ಗೆ 24 ಗಂಟೆ ಎಂದರೆ ಗಂಟೆಗೆ 48 ಕಿ.ಮೀ. ಅದೇ ದಾರಿಯಲ್ಲಿ ಸರಾಸರಿ 80ಕ್ಕೆ ರೈಲು ಓಡಿದರೆ ಹದಿನಾಲ್ಕೂವರೆ ಗಂಟೆ. ಸಂಜೆ ಏಳಕ್ಕೆ ಹತ್ತಿದವರು ಬೆಳಿಗ್ಗೆ ಒಂಬತ್ತೂವರೆಗೆ ಮೆಜೆಸ್ಟಿಕ್‌ನಲ್ಲಿ. 80 ಎಂಬುದು ಕನಸಿನ ವೇಗವಲ್ಲ, ದೆಹಲಿ–ಮುಂಬೈ ರಾಜಧಾನಿ ದಶಕಗಳಿಂದ ಅದಕ್ಕಿಂತ ಬೇಗ ಓಡುತ್ತಿದೆ. ಡೊಂಬಿವಲಿಯ ಮಗನ ಎಂಟು ಗಂಟೆಯ ವಿಮಾನಯಾನವನ್ನೂ ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಗಂಟೆಗೆ 105 ಕಿ.ಮೀ. ಆಗುತ್ತದೆ, ಅಷ್ಟೆ. ದೇಶದ ಎರಡು ಅತಿ ದೊಡ್ಡ ದುಡಿಮೆಯ ನಗರಗಳ ನಡುವೆ ಒಂದು ರಾತ್ರಿಯ ರೈಲು ಇಲ್ಲದಿರುವುದು ಯಾಕೆ ಯಾರಿಗೂ ಚುಚ್ಚುವುದಿಲ್ಲ ಎಂದರೆ, "ವಿಮಾನ ಇದೆಯಲ್ಲ, ಒಂದೂಮುಕ್ಕಾಲು ಗಂಟೆ" ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿದೆ. ಆ ಉತ್ತರ ಇರುವವರೆಗೆ ಹಳಿಯ ಮೇಲಿನ 24 ಗಂಟೆ ಹಾಗೆಯೇ ಇರುತ್ತದೆ.

ನವಿ ಮುಂಬೈಯ ಹೊಸ ನಿಲ್ದಾಣ 2025ರ ಕೊನೆಯಲ್ಲಿ ಶುರುವಾದ ಮೇಲೆ ನೆರೂಳ, ವಾಶಿ, ಪನ್ವೇಲ್‌ನ ಕನ್ನಡಿಗರ ಎಂಟು ಗಂಟೆ ಏಳಾಗಬಹುದು. ಅಂಧೇರಿ, ಬೊರಿವಲಿಯವರಿಗೆ ಅದರಿಂದ ಏನೂ ಇಲ್ಲ. ಅಗ್ಗದ ಟಿಕೆಟ್ ಎಂದು ಗಮನಿಸದೆ ಅಲ್ಲಿಂದ ಬುಕ್ ಮಾಡಿದರೆ ಒಂಬತ್ತೂ ಆಗಬಹುದು. ಟಿಕೆಟ್ಟಿನ ಮೇಲೆ ಎಲ್ಲರಿಗೂ ಒಂದೂಮುಕ್ಕಾಲೇ ಇರುತ್ತದೆ.

ದೂರವನ್ನು ಹೊಸ್ತಿಲಿನಿಂದ ಹೊಸ್ತಿಲಿಗೆ ಎಣಿಸುವ ಮನೆಗಳೂ ಅಲ್ಲೊಂದು ಇಲ್ಲೊಂದು ಇವೆ. ಒಮ್ಮೆ ಪೆಟ್ಟು ತಿಂದು ಕಲಿತವರ ಮನೆಗಳು ಅವು. ಅಲ್ಲಿ ಮಗ ಬರುತ್ತಾನೆ ಎಂದು ಎಂಟು ಗಂಟೆ ಕಾಯುವ ಏರ್ಪಾಡು ಇರುವುದಿಲ್ಲ. ಬಾಗಿಲಿನ ಇನ್ನೊಂದು ಕೀಲಿಕೈ ಎದುರು ಮನೆಯವರ ಹತ್ತಿರ ಇರುತ್ತದೆ. ಆಸ್ಪತ್ರೆಯ ಫೈಲು, ವಿಮೆಯ ಕಾರ್ಡು, ದಿನದ ಮಾತ್ರೆಗಳ ಪಟ್ಟಿ ಒಂದೇ ಚೀಲದಲ್ಲಿ ಬಾಗಿಲ ಹಿಂದೆ ನೇತಾಡುತ್ತಿರುತ್ತವೆ. ಆಟೋ ಓಡಿಸುವ ಹುಡುಗನೊಬ್ಬನಿಗೆ ಮೊದಲೇ ಹೇಳಿಟ್ಟಿರುತ್ತಾರೆ, ಹಬ್ಬಕ್ಕೆ ಅವನಿಗೊಂದು ಅಂಗಿ ಹೋಗುತ್ತದೆ. ಮಗ ಊರಿಗೆ ಬಂದಾಗ ತಾಯಿಯ ಹತ್ತಿರ ಕೂರುವ ಮೊದಲು ಎದುರು ಮನೆಗೆ ಹೋಗಿ ಅರ್ಧ ಗಂಟೆ ಮಾತಾಡಿ ಬರುತ್ತಾನೆ. ತಾಯಿಗೆ ಅದರಿಂದ ಸ್ವಲ್ಪ ಮುನಿಸೂ ಇರುತ್ತದೆ. ಫೋನಿನ ಪಕ್ಕ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ ನಂಬರುಗಳಲ್ಲಿ ಮೊದಲನೆಯದು ಎದುರು ಮನೆಯದು, ಎರಡನೆಯದು ಆಟೋದವನದು, ಮೂರನೆಯದು ಮುಂಬೈಯದು.